ಹೂತವರ ಹಕ್ಕು

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಗುಡಿಯ ಪಕ್ಕದಲ್ಲಿ ಹಾದುಬರುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ತೀರಿಕೊಂಡವರ ಅಸ್ಥಿ ಬಿಡಲು ಜನ ಈ ಸಂಗಮಕ್ಕೆ ಬರುತ್ತಾರೆ. ಇದೇ ದಂಡೆಯಲ್ಲಿ, ಭಿಕ್ಷೇಶ್ವರ ದೇವಾಲಯದ ಹತ್ತಿರ, 1959ರಿಂದ 1965ರ ನಡುವೆ ಡಾ. ಎಂ. ಶೇಷಾದ್ರಿಯವರು ಉತ್ಖನನ ನಡೆಸಿದರು. ನವಶಿಲಾಯುಗದ ಮಡಕೆ ಚೂರುಗಳು, ಕಲ್ಲಿನ ಕೊಡಲಿಗಳ ಜೊತೆಗೆ 3,000 ವರ್ಷಗಳಿಗೂ ಹಿಂದೆ ಹೂತ ಮನುಷ್ಯರ ಅಸ್ಥಿಪಂಜರಗಳೂ ಸಿಕ್ಕವು. ನಾವು ನಮ್ಮವರ ಎಲುಬು ಬಿಡುವ ಜಾಗದಲ್ಲೇ ಯಾರದೋ ಎಲುಬು ಮೇಲೆ ಬಂತು. ಹೂತವರನ್ನು ಅಗೆಯುವ ಹಕ್ಕು ನಮಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ನನ್ನನ್ನು ಆಗಾಗ ಕಾಡುತ್ತದೆ.

ತಲಕಾಡೂ ಇದೇ ತಾಲ್ಲೂಕಿನದು. ಅಲ್ಲಿ ಗುಡಿಗಳೇ ಮರಳಿನಲ್ಲಿ ಹೂತುಹೋದವು. ಅಲಮೇಲಮ್ಮನ ಶಾಪ ಎಂದು ಜನ ಹೇಳುತ್ತಾರೆ. ಮಾಧವ ಮಂತ್ರಿಯ ಅಣೆಕಟ್ಟಿನಿಂದ ಹೊಳೆಯ ಮರಳು ಬಯಲಾಗಿ ಗಾಳಿಗೆ ಹಾರಿಬಂತು ಎಂದು ತಿಳಿದವರು ವಾದಿಸುತ್ತಾರೆ. ಕಾರಣ ಯಾವುದೇ ಇರಲಿ, ಅಲ್ಲಿ ಮರಳು ತೆಗೆಯುವುದರಲ್ಲಿ ನನಗೆ ಅಳುಕಿಲ್ಲ. ವಿಷ್ಣುವರ್ಧನ 1117ರಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ್ದು ಜನ ನೋಡಲೆಂದೇ. ಮರಳು ಸರಿಸಿದರೆ ಕಟ್ಟಿದವನ ಇಚ್ಛೆ ಈಡೇರುತ್ತದೆ. 2013ರಲ್ಲೂ 2020ರಲ್ಲೂ ಪಂಚಲಿಂಗ ದರ್ಶನಕ್ಕೆ ಜನ ಬಂದದ್ದು ಅದಕ್ಕೇ.

ಗೋರಿ ಹಾಗಲ್ಲ. ಅದನ್ನು ಮುಚ್ಚಿದ್ದು ಗಾಳಿಯಲ್ಲ, ಮನುಷ್ಯರ ಕೈ. ತೆರೆಯಬಾರದೆಂದೇ ಮುಚ್ಚಿದ್ದು.

‘ಅವರಿಗೆ ವಾರಸುದಾರರು ಯಾರಿದ್ದಾರೆ, ಬೇಡವೆನ್ನಲು?’ ಎಂದು ಕೇಳಬಹುದು. ಅಮೆರಿಕದಲ್ಲಿ ಮೂಲನಿವಾಸಿಗಳು ತಮ್ಮ ಪೂರ್ವಜರ ಎಲುಬುಗಳನ್ನು ವಸ್ತುಸಂಗ್ರಹಾಲಯಗಳಿಂದ ಮರಳಿ ಕೇಳಲು 1990ರಲ್ಲಿ ಕಾನೂನೇ ಬಂತು. ನಮ್ಮಲ್ಲಿ ಕೇಳುವವರಿಲ್ಲ. ಆದರೆ ಕೇಳುವವರಿಲ್ಲವೆಂದ ಮಾತ್ರಕ್ಕೆ ಋಣ ತೀರಿತೇ? ಸಾಕ್ಷಿಯಿಲ್ಲದ ಸಾಲವೂ ಸಾಲವೇ.

ಹಾಗೆಂದು ಅಗೆಯಲೇಬಾರದಿತ್ತು ಎನ್ನಲಾರೆ. ಅಗೆಯದಿದ್ದರೆ, ಗುಡಿಗಳಿಗಿಂತ, ರಾಜರಿಗಿಂತ ಎಷ್ಟೋ ಮೊದಲು ಈ ಸಂಗಮದಲ್ಲಿ ಸತ್ತವರನ್ನು ಮಣ್ಣಿಗೆ ಒಪ್ಪಿಸಿದವರು ಇದ್ದರೆಂದು ನಮಗೆ ತಿಳಿಯುತ್ತಲೇ ಇರಲಿಲ್ಲ. ಉತ್ಖನನದ ವರದಿ 1971ರಲ್ಲಿ ಅಚ್ಚಾಯಿತು. ಅಗೆದವರು ತಮ್ಮ ಕೆಲಸ ಮಾಡಿದರು. ಉಳಿದದ್ದು ನಮ್ಮ ಪಾಲಿನದು. ತಿಳಿಯಲೆಂದು ಎಬ್ಬಿಸಿದವರನ್ನು ತಿಳಿದ ಮೇಲೆ ಮರೆತರೆ, ಅಗೆದದ್ದಕ್ಕೆ ಇದ್ದ ಒಂದೇ ಸಮರ್ಥನೆಯೂ ಹೋಗುತ್ತದೆ.

ನಮ್ಮ ತರ್ಪಣದ ವಿಧಿಯಲ್ಲಿ ಬಂಧುಗಳಿಲ್ಲದೆ ಸತ್ತವರಿಗೂ ನೀರು ಬಿಡುವ ಕ್ರಮವಿದೆ. ವಾರಸುದಾರರಿಲ್ಲ ಎಂಬ ವಾದಕ್ಕೆ ಹಿರಿಯರು ಎಂದೋ ಕೊಟ್ಟ ಉತ್ತರ ಅದು. ಆ ಹೊಳೆಯ ನೀರು ಕುಡಿದು ಬದುಕುವವರೆಲ್ಲ ಅವರ ವಾರಸುದಾರರೇ.