ಆಶ್ರಿತ ಪ್ರಾಣಿ ಮತ್ತು ನಮ್ಮ ಋಣ

ಸಾಕಿದ ನಾಯಿ ಮುದಿಯಾಗಿ ನಿರುಪಯೋಗಿಯಾದ ಮೇಲೆ ಅದರ ಪಾಲನೆಯ ಹೊಣೆ ಯಜಮಾನನಿಗೆ ಉಳಿಯುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ಮುಧೋಳದ ನಾಯಿಯನ್ನೇ ತೆಗೆದುಕೊಳ್ಳಿರಿ. ಅದರ ಓಟಕ್ಕೂ ಮೈಕಟ್ಟಿಗೂ ಮನಸೋತು ಮರಿಯನ್ನು ತರುವವರು ಅನೇಕರು. ಮರಿ ಕನಿಷ್ಠ 8 ವಾರ ತಾಯಿಯ ಮಗ್ಗುಲಲ್ಲಿರಬೇಕು. 3 ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಬೇಕು. ಪ್ರಾಯದಲ್ಲಿ ನಿತ್ಯವೂ ಓಡಲು ಬಯಲು ಬೇಕು. ಇವನ್ನೆಲ್ಲ ನಾವು ಉತ್ಸಾಹದಿಂದಲೇ ಮಾಡುತ್ತೇವೆ. ಏಕೆಂದರೆ ಅದರ ಫಲ ಕಣ್ಣೆದುರಿಗಿರುತ್ತದೆ.

ಪರೀಕ್ಷೆ ಒದಗುವುದು ಅನಂತರ. ಕಣ್ಣಿಗೆ ಪೊರೆ ಬಂದು, ಕೀಲುಗಳು ಬಿಗಿದು, ಕಾವಲಿಗೆ ಬಾರದಾದ ನಾಯಿಯನ್ನು ಪರಸ್ಥಳದಲ್ಲಿ ಬಿಟ್ಟುಬರುವವರುಂಟು. ಹಸಿವು ನೀರಡಿಕೆಗಳಿಗೆ ಈಡಾಗುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಕಾಯಿದೆ ಇರದಿದ್ದರೂ ಅದು ಅನ್ಯಾಯವೇ ಸರಿ. ನಾಯಿಯನ್ನು ಮನೆಗೆ ಕರೆತಂದು ನಮ್ಮ ಕೈತುತ್ತಿಗೆ ಒಗ್ಗಿಸಿದವರು ನಾವು. ಅದು ನಮ್ಮನ್ನು ಆರಿಸಿಕೊಳ್ಳಲಿಲ್ಲ.

"ಮನುಷ್ಯರಿಗೇ ಅನ್ನವಿಲ್ಲದಿರುವಾಗ ಮುದಿ ನಾಯಿಗೇಕೆ?" ಎಂದು ಕೇಳಬಹುದು. ಆಕ್ಷೇಪ ಹಗುರವಾದುದಲ್ಲ. ಆದರೆ ಆ ವಿವೇಚನೆಗೆ ತಕ್ಕ ಕಾಲ ಮರಿಯನ್ನು ತರುವ ಮುನ್ನ. ತಂದು ಹತ್ತು ವರ್ಷವಾದ ಮೇಲಲ್ಲ. ಮಹಾಪ್ರಸ್ಥಾನದಲ್ಲಿ ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ತೊರೆದು ಸ್ವರ್ಗವೇರಲು ಒಪ್ಪಲಿಲ್ಲ. ಆ ನಾಯಿಯಿಂದ ಅವನಿಗೆ ಆಗಬೇಕಾದ ಕೆಲಸವೇನೂ ಇರಲಿಲ್ಲ.

ಮುದಿ ನಾಯಿಗೆ ಬೇಕಾದುದು ಅಲ್ಪ: ಮೆದುವಾದ ಆಹಾರ, ಬೆಚ್ಚನೆಯ ಹಾಸು, ನೋವಿಗೆ ಪಶುವೈದ್ಯರ ಔಷಧ, ಕೊನೆಯ ಗಳಿಗೆಯಲ್ಲಿ ಪರಿಚಿತವಾದ ಒಂದು ಕೈ. ಇಷ್ಟನ್ನು ಕೊಡಬಲ್ಲೆವೆಂಬ ನಿಶ್ಚಯವಿದ್ದರೆ ಮಾತ್ರ ಮರಿಯನ್ನು ಮನೆಗೆ ತನ್ನಿರಿ.