ದೂರದ ಚುನಾವಣೆ, ಹತ್ತಿಯ ಧಾರಣೆ

ಅಮೇರಿಕದ ಅಧ್ಯಕ್ಷಪದವಿಗೆ ಯಾರು ಬಂದರೆ ಒಳಿತೆಂಬ ಚರ್ಚೆ ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರದವರೆಗೂ ನಡೆಯುತ್ತದೆ. ವೀಸಾ, ಡಾಲರು, ಸುಂಕ, ಇವೇ ಅದರ ಅಳತೆಗೋಲು. ಈ ಅಳತೆಗೋಲು ಹೊಸದೇನಲ್ಲ.

1840ರ ದಶಕದಲ್ಲಿ ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಅಮೇರಿಕದ ತಳಿಯ ಹತ್ತಿ ಬೇರೂರಿತು. 1860ರಲ್ಲಿ ಅಬ್ರಹಾಂ ಲಿಂಕನ್ ಆರಿಸಿ ಬಂದರು; ಗುಲಾಮಗಿರಿಯನ್ನು ಬಿಡಲೊಲ್ಲದ ದಕ್ಷಿಣದ ರಾಜ್ಯಗಳು ಸಿಡಿದುಹೋಗಿ, 1861ರಲ್ಲಿ ಯುದ್ಧ ಹತ್ತಿತು. ಅಲ್ಲಿಯ ಬಂದರುಗಳಿಗೆ ದಿಗ್ಬಂಧನವಾದೊಡನೆ ಇಂಗ್ಲೆಂಡಿನ ಗಿರಣಿಗಳು ಹಿಂದುಸ್ಥಾನದ ಅರಳೆಗೆ ಕೈಚಾಚಿದವು. ಲಿಂಕನ್ನರ ಹೆಸರು ಇಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ, ಏರಿದ ಧಾರಣೆಯಂತೂ ಎಲ್ಲರಿಗೂ ಗೊತ್ತಿತ್ತು.

1864ರಲ್ಲಿ ಮತ್ತೆ ಚುನಾವಣೆ. ಎದುರಾಳಿ ಮೆಕ್ಲೆಲನ್ನರ ಪಕ್ಷ ಯುದ್ಧವಿರಾಮ ಬೇಡಿತ್ತು. ಶಾಂತಿಯ ಸುದ್ದಿ ಬಂದರೆ ಧಾರಣೆ ಕುಸಿಯುವುದು ಸಹಜವಷ್ಟೆ. ಆದುದರಿಂದ ಅರಳೆ ಕೂಡಿಟ್ಟವನಿಗೆ ಲಿಂಕನ್ನರ ಗೆಲುವೇ ಲಾಭಕರ. ಅವರು 1863ರಲ್ಲಿ ಗುಲಾಮರ ವಿಮೋಚನೆಯನ್ನು ಸಾರಿದ್ದರು, ಗೆಲ್ಲತಕ್ಕವರೇ ಗೆದ್ದರು. ಆದರೆ ಆ ವರ್ತಕ ಬಯಸಿದ್ದು ಗುಲಾಮರ ಬಿಡುಗಡೆಯನ್ನೋ, ಯುದ್ಧ ಇನ್ನೊಂದು ಸುಗ್ಗಿಯವರೆಗೆ ನಡೆಯಲೆಂಬುದನ್ನೋ? ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕೃತ, ಕಾರಿತಗಳ ಜೊತೆಗೆ ಅನುಮೋದನೆಯನ್ನೂ ಆಸ್ರವಕ್ಕೆ ಕಾರಣವೆಂದೆಣಿಸುತ್ತದೆ. ಬಂದೂಕು ಮುಟ್ಟದ ಶ್ರಾವಕನಿಗೆ ಮೊದಲೆರಡು ತಗಲಲಿಕ್ಕಿಲ್ಲ. ಮೂರನೆಯದು ಜಮಾಖರ್ಚಿನ ವಹಿಯಲ್ಲಿ ಕಾಣುವಂಥದಲ್ಲ. ಅದನ್ನು ಅವನೊಬ್ಬನೇ ಬಲ್ಲ.

1865ರಲ್ಲಿ ಯುದ್ಧ ಮುಗಿಯಿತು. ಹತ್ತಿ, ಷೇರುಗಳ ಸಟ್ಟಾ ಮುರಿದುಬಿತ್ತು. ಮುಂಬಯಿಗೆ ರಾಜಾಬಾಯಿ ಗೋಪುರವನ್ನು ತಾಯಿಯ ಹೆಸರಿನಲ್ಲಿ ಕೊಟ್ಟ ಜೈನ ವರ್ತಕ ಪ್ರೇಮಚಂದ ರಾಯಚಂದರಂಥವರೂ ಅದರಲ್ಲಿ ಮುಳುಗಿದರು. ಏರಿದ ಧಾರಣೆಯನ್ನು ನಂಬಿ ಸಾಲ ಮಾಡಿದ್ದ ದಖ್ಖಣದ ರೈತರಿಗೆ ಸಾಲವಷ್ಟೇ ಉಳಿಯಿತು.