ತನ್ನ ಹೆಸರನ್ನೇ ಮರೆತ ಬಾಲಕಿ



ಫೆಬ್ರವರಿ 8 ಸಂತ ಜೋಸೆಫಿನ್ ಬಕಿತಾರವರ ಹಬ್ಬ. ಸುಡಾನಿನಲ್ಲಿ ಎಳೆಯ ವಯಸ್ಸಿನಲ್ಲೇ ಅಪಹೃತಳಾಗಿ, ಕೈಯಿಂದ ಕೈಗೆ ಮಾರಾಟವಾದ ಈ ಬಾಲಕಿ ಭಯದಿಂದ ಹೆತ್ತವರಿಟ್ಟ ಹೆಸರನ್ನೇ ಮರೆತಳು. 'ಬಕಿತಾ' ಎಂದರೆ ಭಾಗ್ಯವಂತೆ. ಅದು ಕದ್ದವರಿಟ್ಟ ಹೆಸರು! 2015ರಿಂದ ಧರ್ಮಸಭೆ ಈ ದಿನವನ್ನು ಮಾನವ ಕಳ್ಳಸಾಗಣೆಯ ವಿರುದ್ಧ ಪ್ರಾರ್ಥನಾ ದಿನವಾಗಿ ಆಚರಿಸುತ್ತಿದೆ.

ಯಲ್ಲಾಪುರದವರಿಗೆ ಇದು ದೂರದ ಕಥೆಯಲ್ಲ. ನಮ್ಮ ಸಿದ್ದಿ ಬಾಂಧವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡು ಬಂದವರಿಗೆ ಈ ಕಾಡೇ ಆಶ್ರಯವಾಯಿತು.

ಇಂದು ಸರಪಳಿ ಕಣ್ಣಿಗೆ ಕಾಣುವುದಿಲ್ಲ. ಪರಿಚಯದವರೇ ಬಂದು, "ಪಟ್ಟಣದಲ್ಲಿ ಮನೆಗೆಲಸ, ಶಾಲೆಗೂ ಕಳಿಸುತ್ತಾರೆ" ಎನ್ನುತ್ತಾರೆ. ಸಿರ್ಸಿ, ಸಿದ್ದಾಪುರದ ಬಸ್ ನಿಲ್ದಾಣದಲ್ಲಿ ಪೊಲೀಸರು ವಿಚಾರಿಸಿದರೆ ಮಗು, "ಇವರು ನಮ್ಮ ಚಿಕ್ಕಮ್ಮ" ಎಂದೇ ಹೇಳೀತು. ಆದ್ದರಿಂದಲೇ ಪೊಲೀಸರು, ಶಿಕ್ಷಕರು, ವೈದ್ಯರು, ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಬೇಕು. ಹೆಸರು, ಊರು ಹೇಳಲಾಗದ ಮಗುವನ್ನು ಸುಳ್ಳುಗಾರನೆನ್ನಬಾರದು. ಬಕಿತಾರನ್ನು ನೆನೆಯಿರಿ. ಅದೇ ಪ್ರಶ್ನೆಯನ್ನು ಹತ್ತು ಜನ ಕೇಳಿ ಗಾಯ ಕೆದಕಬಾರದು. ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. "ಒಪ್ಪಿಯೇ ಹೋಗಿತ್ತು" ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ಅಧಿಕಾರಿಗಳ ಮಾತು ಹಾಗಿರಲಿ. ಭಾನುವಾರ ಪೂಜೆಗೆ ಬರುವ ನಾವು, ಪಟ್ಟಣದ ನಮ್ಮ ನೆಂಟರ ಮನೆಯಲ್ಲಿ ಪಾತ್ರೆ ತೊಳೆಯುವ ಪುಟ್ಟ ಹುಡುಗಿಯ ಊರು ಯಾವುದೆಂದು ಎಂದಾದರೂ ಕೇಳಿದ್ದೇವೆಯೇ? ಕೇಳಿದರೆ ನೆಂಟಸ್ತಿಕೆ ಕೆಟ್ಟೀತು, ಕೆಡಲಿ. ಪುರಾವೆ ಹುಡುಕುವುದು ನಿಮ್ಮ ಕೆಲಸವಲ್ಲ. ಸಂಶಯ ಬಂದೊಡನೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿರಿ.